ಉಳಿದ 435 ಅಡಿ ಎಲ್ಲಿದೆ?

ಪುಣೆಯಲ್ಲಿ ನಾಲ್ಕು ಜನ ಕನ್ನಡಿಗರು ಸೇರಿದರೆ ಮೊದಲ ಹತ್ತು ನಿಮಿಷ ಊರಿನ ಮಳೆಯ ಮಾತು, ಮುಂದಿನ ಹತ್ತು ನಿಮಿಷ ಒಳ್ಳೆಯ ಜೋಳದ ರೊಟ್ಟಿ ಎಲ್ಲಿ ಸಿಗುತ್ತದೆ ಎಂಬ ವಾದ. ಆಮೇಲೆ ತಪ್ಪದೇ ಬರುವ ಪ್ರಶ್ನೆ ಒಂದೇ: ಮನೆ ಇಲ್ಲೇ ತಗೊಳ್ಳೋದಾ, ಇಲ್ಲಾ ಬೆಂಗಳೂರಲ್ಲಿ ತಗೊಂಡು ಬಾಡಿಗೆಗೆ ಕೊಡೋದಾ? ಆಗ ಯಾರಾದರೊಬ್ಬರು ಮೊಬೈಲ್ ತೆಗೆದು ತೋರಿಸುತ್ತಾರೆ. ‘ಇಲ್ಲಿ ಚದರಡಿಗೆ ಹತ್ತು ಸಾವಿರದ ಮೇಲಿದೆ ಮಾರಾಯ, ಅಲ್ಲಿ ಇನ್ನೂ ಏಳೂವರೆಗೆ ಸಿಗುತ್ತೆ.’ ಈ ಮಾತನ್ನು ನಾನೂ ಎರಡು ವರ್ಷ ಹೇಳಿಕೊಂಡು ತಿರುಗಿದ್ದೇನೆ. ಎಕ್ಸೆಲ್ ಶೀಟು ಮಾಡಿ ಸ್ನೇಹಿತರಿಗೆ ಕಳಿಸಿದ್ದೇನೆ. ಆ ಶೀಟು ತಪ್ಪಾಗಿತ್ತು. ಯಾರಿಗೆ ಕಳಿಸಿದ್ದೆನೋ ಅವರೆಲ್ಲ ಈ ಅಂಕಣ ಓದುವವರೇ ಆದ್ದರಿಂದ ತಿದ್ದುಪಡಿಯನ್ನೂ ಇಲ್ಲೇ ಕೊಡುತ್ತಿದ್ದೇನೆ.

ತಪ್ಪು ಹಿಡಿದದ್ದು ನಾನಲ್ಲ, ಅಪ್ಪ. ಧಾರವಾಡ ಹತ್ತಿರದ ಹಳ್ಳಿಗಳಲ್ಲಿ ಕನ್ನಡ ಸಾಲಿ ಮಾಸ್ತರಾಗಿದ್ದು ನಿವೃತ್ತರಾದವರು. ಧಾರವಾಡದಲ್ಲಿ ಅವರು ಬಹಳ ಹಿಂದೆ ಕಂತು ಕಟ್ಟಿ ತಗೊಂಡ 30-40ರ ಸೈಟು ಒಂದಿತ್ತು. ನನ್ನ ಮನೆಗೆ ಮೊದಲ ಹಣ ಹೊಂದಿಸಲು ಅದನ್ನು ಮಾರುವುದೆಂದು ತೀರ್ಮಾನವಾಗಿತ್ತು. ತೀರ್ಮಾನ ಎಂದರೆ, ಅವರೇ ಮಾಡಿದ್ದು. ನಾನು ಬೇಡ ಎನ್ನಲಿಲ್ಲ ಅಷ್ಟೆ. ಹಾಗಾಗಿ ಯಾವ ಮನೆ, ಎಷ್ಟು ದೊಡ್ಡದು, ಯಾವ ಊರಿನಲ್ಲಿ ಎಂದು ಕೇಳುವ ಹಕ್ಕು ಅವರಿಗೆ ಪೂರ್ತಿ ಇತ್ತು. ನಾನು ಎರಡು ಫ್ಲಾಟು ಆರಿಸಿ ಫೋನಿನಲ್ಲಿ ವಿವರ ಓದಿದೆ.

ಒಂದು ಬೆಂಗಳೂರಿನ ಪೂರ್ವದ ಕಡೆಯದು: 2ಬಿಎಚ್‌ಕೆ, 1,250 ಚದರಡಿ, ಅಡಿಗೆ 7,600ರಂತೆ 95 ಲಕ್ಷ. ಇನ್ನೊಂದು ಇಲ್ಲಿ ಪುಣೆಯಲ್ಲಿ, ನನ್ನ ಆಫೀಸಿನಿಂದ ಆರು ಕಿಲೊಮೀಟರ್: 2ಬಿಎಚ್‌ಕೆ, 812 ಚದರಡಿ, 85 ಲಕ್ಷ. ಅಡಿಗೆ 10,468 ಬೀಳುತ್ತದೆ. ನನ್ನ ಶೀಟಿನ ಪ್ರಕಾರ ಬೆಂಗಳೂರು ಅಡಿಗೆ 2,868 ರೂಪಾಯಿ ಅಗ್ಗ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ‘ಎರಡೂ ಎರಡು ಖೋಲಿ ಮನಿ ಅಂತಿ. ಒಂದು ಸಾವಿರದ ಇನ್ನೂರೈವತ್ತು ಅಂತಿ, ಇನ್ನೊಂದು ಎಂಟನೂರಾ ಹನ್ನೆರಡು ಅಂತಿ. ಖೋಲಿ ಎಷ್ಟೆಷ್ಟು ಅದಾವು ಹೇಳು’ ಎಂದರು. ನಕ್ಷೆ ತೆರೆದು ಖೋಲಿಗಳ ಉದ್ದ-ಅಗಲ ಓದಿದೆ. ಹೆಚ್ಚುಕಡಿಮೆ ಒಂದೇ ಇದ್ದವು.

ಆಗ ಕರ್ನಾಟಕ ರೇರಾ ತಾಣಕ್ಕೆ ಹೋಗಿ ಆ ಯೋಜನೆಯ ಪುಟ ತೆರೆದೆ. ಅದೇ ಫ್ಲಾಟಿನ ಕಾರ್ಪೆಟ್ ಏರಿಯಾ 815 ಚದರಡಿ ಎಂದಿತ್ತು.

‘ಹಂಗಾದ್ರ ಉಳದ ನಾಕನೂರಾ ಮೂವತ್ತೈದು ಫೂಟು ಎಲ್ಲೈತಿ?’

ಅದು ಎಲ್ಲಿದೆ ಎಂದು ಹೇಳಲು ನನಗೆ ಎರಡು ವಾರ ಹಿಡಿಯಿತು. ಎಂಟೆಕ್ ಓದಿದವನಿಗೆ ಎರಡು ವಾರ.

ಕಾರ್ಪೆಟ್ ಏರಿಯಾಕ್ಕೆ ಮಾತ್ರ ಕಾನೂನಿನ ಗಟ್ಟಿ ನೆಲವಿದೆ. 2016ರ ರಿಯಲ್ ಎಸ್ಟೇಟ್ ಕಾಯ್ದೆ, ಅಂದರೆ ನಾವೆಲ್ಲ ರೇರಾ ಎನ್ನುವುದು, ಅದನ್ನು ಬಿಡಿಸಿ ಹೇಳುತ್ತದೆ: ಫ್ಲಾಟಿನೊಳಗೆ ಬಳಸಲು ಸಿಗುವ ನೆಲ. ಖೋಲಿ ಖೋಲಿಗಳ ನಡುವಿನ ಒಳಗೋಡೆಯ ಜಾಗ ಅದರಲ್ಲಿ ಸೇರುತ್ತದೆ. ಹೊರಗೋಡೆ ಸೇರುವುದಿಲ್ಲ, ಪೈಪು ಹೋಗುವ ಶಾಫ್ಟು ಸೇರುವುದಿಲ್ಲ, ನಮಗೇ ಮೀಸಲಾದ ಬಾಲ್ಕನಿ, ವರಾಂಡ, ತೆರೆದ ಟೆರೇಸು ಯಾವುದೂ ಸೇರುವುದಿಲ್ಲ. ಬಿಲ್ಟ್‌ಅಪ್ ಎಂದರೆ ಸಾಮಾನ್ಯವಾಗಿ ಇದಕ್ಕೆ ಹೊರಗೋಡೆ ಮತ್ತು ಬಾಲ್ಕನಿ ಕೂಡಿಸಿದ್ದು. ಸೂಪರ್ ಬಿಲ್ಟ್‌ಅಪ್ ಎಂದರೆ ಅದರ ಮೇಲೆ ಲಿಫ್ಟು, ಮೆಟ್ಟಿಲು, ಕಾರಿಡಾರು, ಲಾಬಿ, ಕ್ಲಬ್‌ಹೌಸು, ಇನ್ನೇನೇನೋ ಎಲ್ಲದರಲ್ಲಿ ನಮ್ಮ ಪಾಲು. ‘ಸೇಲೆಬಲ್ ಏರಿಯಾ’ ಎಂದು ಕರೆಯುವುದೂ ಹೆಚ್ಚಾಗಿ ಇದನ್ನೇ. ಈ ಸೂಪರ್ ಬಿಲ್ಟ್‌ಅಪ್‌ಗೆ ರೇರಾ ಕಾಯ್ದೆಯಲ್ಲಿ ವ್ಯಾಖ್ಯಾನವೇ ಇಲ್ಲ. ‘ಇನ್ನೇನೇನೋ’ದಲ್ಲಿ ಏನು ಸೇರಬೇಕು, ಸೆಕ್ಯುರಿಟಿ ಕೋಣೆಯೋ, ಜನರೇಟರ್ ಇಟ್ಟ ಜಾಗವೋ, ನೀರಿನ ಟ್ಯಾಂಕಿನ ನೆತ್ತಿಯೋ, ಎಂಬುದು ಬಿಲ್ಡರ್‌ನ ವಿವೇಚನೆ. ಅದನ್ನು ಟೇಪು ಹಿಡಿದು ಪರೀಕ್ಷಿಸಲು ಕೊಳ್ಳುವವನಿಗೆ ದಾರಿಯೇ ಇಲ್ಲ.

ಬೆಂಗಳೂರಿನ ಮಾರಾಟದ ಹುಡುಗನನ್ನು ಕೇಳಿದೆ. ಪಾಪ, ಒಳ್ಳೆಯ ಹುಡುಗ, ರಾಯಚೂರಿನವನು. ‘ಸರ್, ನಮ್ದು ಎಫಿಶಿಯನ್ಸಿ 65 ಪರ್ಸೆಂಟ್, ಲೋಡಿಂಗ್ 35 ಅಷ್ಟೇ’ ಎಂದ. ಕೇಳಲು ಹಿತವಾಗಿತ್ತು. ಆದರೆ 35 ಯಾವುದರ ಮೇಲೆ? 1,250ರಲ್ಲಿ 435 ತೆಗೆದರೆ ಅದು ಶೇ 35. ನನಗೆ ಸಿಗುವ 815ರ ಮೇಲೆ 435 ಹೇರಿದ್ದಾರೆ ಎಂದು ನೋಡಿದರೆ ಅದು ಶೇ 53. ಕಿಲೋ ಟೊಮೆಟೊ ಕೊಡುವವನು ಬುಟ್ಟಿಯ ತೂಕವನ್ನೂ ಸೇರಿಸಿ, ಬುಟ್ಟಿ ಒಟ್ಟು ತೂಕದ ಮೂರನೇ ಒಂದು ಭಾಗ ಅಷ್ಟೇ ಎಂದು ಸಮಾಧಾನ ಹೇಳಿದ ಹಾಗೆ. ಮುಂಬೈ, ಪುಣೆಯ ಕಡೆ ಲೋಡಿಂಗ್ ಎಂದರೆ ಸಾಮಾನ್ಯವಾಗಿ ಕಾರ್ಪೆಟ್ ಮೇಲೆ ಎಷ್ಟು ಹೇರಿದೆ ಎಂಬ ಲೆಕ್ಕ. ಹಾಗಾಗಿ ಆ ಪದವೂ ಊರಿಂದ ಊರಿಗೆ ಬೇರೆ ಅರ್ಥ ಕೊಡಬಹುದು. ಕೇಳುವಾಗ ಶೇಕಡಾ ಕೇಳಲೇಬೇಡಿ, ಎರಡು ಸಂಖ್ಯೆ ಕೇಳಿ, ಭಾಗಾಕಾರ ನೀವೇ ಮಾಡಿ.

ಈಗ ಆ ಫ್ಲಾಟಿನ 95 ಲಕ್ಷವನ್ನು 815ರಿಂದ ಭಾಗಿಸಿದರೆ ಅಡಿಗೆ 11,656. ಪುಣೆಯದು 10,468. ಏಳೂವರೆಯ ಬೆಂಗಳೂರು ಪುಣೆಗಿಂತ ದುಬಾರಿಯಾಗಿ ಕೂತಿತು. ಪುಣೆಯವರು ನೇರ ಜನ, ಕಾರ್ಪೆಟ್ ಲೆಕ್ಕದಲ್ಲೇ ಹೇಳುತ್ತಾರೆ ಎಂದು ನಾನು ಹೊಸ ಶೀಟು ಮಾಡಿ, ಅದೇ ಉತ್ಸಾಹದಲ್ಲಿ ಇಲ್ಲಿನ ಫ್ಲಾಟಿಗೆ ಒಂದು ಲಕ್ಷ ಟೋಕನ್ ಕೊಟ್ಟುಬಿಟ್ಟೆ.

ಮೂರು ವಾರದ ನಂತರ ಒಪ್ಪಂದದ ಕರಡು ಬಂತು. ಅದರಲ್ಲಿ ಚದರಡಿ ಇರಲಿಲ್ಲ, ಚದರ ಮೀಟರ್ ಇತ್ತು. ಕಾರ್ಪೆಟ್ 65.10. ಬಾಲ್ಕನಿ 7.20. ಡ್ರೈ ಬಾಲ್ಕನಿ 3.10. ಡ್ರೈ ಬಾಲ್ಕನಿ ಎಂದರೆ ಪುಣೆಯ ಮಾತಿನಲ್ಲಿ ಅಡುಗೆಮನೆಯ ಹಿಂದೆ ಪಾತ್ರೆ ತೊಳೆಯುವ, ವಾಷಿಂಗ್ ಮಷಿನ್ ಇಡುವ ಜಾಗ, ಬೆಂಗಳೂರಿನವರ ಯುಟಿಲಿಟಿ. ಒಂದು ಚದರ ಮೀಟರಿಗೆ 10.764 ಚದರಡಿ. ಮೂರನ್ನೂ ಕೂಡಿಸಿ ಗುಣಿಸಿದರೆ ಸರಿಯಾಗಿ 812. ಕಾರ್ಪೆಟ್ ಒಂದನ್ನೇ ಗುಣಿಸಿದರೆ 701. ಜಾಹೀರಾತಿನಲ್ಲಿ ‘ಕಾರ್ಪೆಟ್ 812’ ಎಂದೇ ಇತ್ತು. ಕೇಳಿದರೆ ಮಾರಾಟದ ಹೆಣ್ಣುಮಗಳು, ‘ಸರ್, ಅದು ಯೂಸಬಲ್ ಕಾರ್ಪೆಟ್. ಇದು ರೇರಾ ಕಾರ್ಪೆಟ್’ ಎಂದಳು, ಎರಡು ಬಗೆಯ ಅಕ್ಕಿಯ ಹೆಸರು ಹೇಳುವವಳ ಹಾಗೆ.

85 ಲಕ್ಷವನ್ನು 701ರಿಂದ ಭಾಗಿಸಿದೆ. 12,126. ಬೆಂಗಳೂರು 11,656. ಮೂರನೇ ಶೀಟಿನ ಪ್ರಕಾರ ಬೆಂಗಳೂರೇ ಅಗ್ಗ, ಆದರೆ 2,868 ರೂಪಾಯಿಯಲ್ಲ, 470. ಅದೇ ಎರಡು ಮನೆ, ಅದೇ ಎರಡು ಬೆಲೆ. ಗೋಡೆ ಒಂದಿಂಚು ಅಲುಗಿಲ್ಲ. ಉತ್ತರ ಮೂರು ಸಲ ಬದಲಾಯಿತು.

ಇದರಲ್ಲಿ ಒಂದು ವ್ಯಂಗ್ಯವಿದೆ. ರೇರಾ ಬರುವ ಎಷ್ಟೋ ಮೊದಲೇ ಮಹಾರಾಷ್ಟ್ರದಲ್ಲಿ 1963ರ ಫ್ಲಾಟ್ ಮಾಲೀಕತ್ವದ ಕಾಯ್ದೆ ಇತ್ತು, ಇಲ್ಲಿನವರು ಮೋಫಾ ಎನ್ನುತ್ತಾರೆ. ಫ್ಲಾಟಿನ ಜಾಹೀರಾತಿನಲ್ಲಿ ಕಾರ್ಪೆಟ್ ಏರಿಯಾ ತಿಳಿಸಬೇಕು, ಬಾಲ್ಕನಿಯ ಅಳತೆಯನ್ನು ಬೇರೆಯಾಗಿ ತೋರಿಸಬೇಕು ಎಂಬ ಮಾತು ಅದರಲ್ಲಿದೆ. ರೇರಾ ಕೂಡ ನೋಂದಣಿಯ ಹೊತ್ತಿಗೆ ಕಾರ್ಪೆಟ್ ಒಂದು ಕಡೆ, ಬಾಲ್ಕನಿ ಒಂದು ಕಡೆ, ಟೆರೇಸು ಒಂದು ಕಡೆ ಬರೆಯಬೇಕು ಎನ್ನುತ್ತದೆ. ಬೇರೆಯಾಗಿ ಎಂಬ ಆ ಪದವನ್ನು ನುಂಗಲು ‘ಯೂಸಬಲ್’ ಎಂಬ ಇನ್ನೊಂದು ಪದ ಹುಟ್ಟಿತು. ಸೂಪರ್ ಬಿಲ್ಟ್‌ಅಪ್ ಬಾಗಿಲಿನಿಂದ ಹೋಯಿತು ಎಂದುಕೊಂಡರೆ ಅದರ ತಮ್ಮ ಬಾಲ್ಕನಿಯಿಂದ ಒಳಗೆ ಬಂದ.

ಬಿಲ್ಡರುಗಳ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. ಲಿಫ್ಟಿಗೆ ದುಡ್ಡು ಬೀಳುತ್ತದೆ, ಲಾಬಿಗೆ ಗ್ರಾನೈಟ್ ಹಾಸಬೇಕು, ಅಗಲವಾದ ಕಾರಿಡಾರು ಬೇಕು ಎನ್ನುವವರು ನಾವೇ. ಅದರ ವೆಚ್ಚವನ್ನು ಯಾರಾದರೂ ಕೊಡಲೇಬೇಕು. ಕೊಡೋಣ, ಬೆಲೆಯಲ್ಲಿ ಸೇರಿಸಿ ಹೇಳಲಿ. 95 ಲಕ್ಷ ಎಂದರೆ 95 ಲಕ್ಷ. ನನ್ನ ಮನೆ 815 ಅಡಿ, ಜೊತೆಗೆ ಇಂತಿಂಥ ಸೌಕರ್ಯ ಎನ್ನಲಿ. ಹೋಟೆಲಿನಲ್ಲಿ ಊಟದ ಬೆಲೆಯಲ್ಲಿ ಫ್ಯಾನು, ಕುರ್ಚಿ, ಮಾಣಿಯ ಸಂಬಳ ಎಲ್ಲ ಇರುತ್ತದೆ. ಹಾಗೆಂದು ಅವರು ತಟ್ಟೆಯಲ್ಲಿ ಎರಡು ಇಡ್ಲಿ ಇಟ್ಟು, ಕುರ್ಚಿಯ ಪಾಲು ಸೇರಿ ಮೂರು ಎಂದು ಬಿಲ್ಲು ಬರೆಯುವುದಿಲ್ಲ.

ಇಷ್ಟೆಲ್ಲ ಆದಮೇಲೂ ನನ್ನ ಸಿಟ್ಟು ಬಿಲ್ಡರುಗಳಿಗಿಂತ ಹೆಚ್ಚಾಗಿ ನನ್ನ ವೃತ್ತಿಯವರ ಮೇಲೇ. ಮನೆ ಹುಡುಕುವ ತಾಣಗಳನ್ನು ಕಟ್ಟಿದವರು ನಮ್ಮಂಥವರೇ. ನಾನು ನೋಡಿದ ತಾಣಗಳಲ್ಲಿ ಯಾವ ಏರಿಯಾ ಎಂದು ಆರಿಸುವ ಅವಕಾಶ ಮಾಲೀಕರಿಗೆ ಇರುತ್ತದೆ. ಆದರೆ ಪಟ್ಟಿ ತೋರಿಸುವಾಗ ಕಾರ್ಪೆಟ್ ಬರೆದವನ ಮನೆ, ಸೂಪರ್ ಬಿಲ್ಟ್‌ಅಪ್ ಬರೆದವನ ಮನೆ ಎರಡೂ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಚದರಡಿ ದರ ಕಡಿಮೆ ಇರುವುದು ಮೇಲೆ ಬರಲಿ ಎಂದು ಒತ್ತಿದರೆ, ಯಾರು ಛೇದದಲ್ಲಿ ಹೆಚ್ಚು ಗಾಳಿ ತುಂಬಿದ್ದಾರೋ ಅವರು ಮೇಲೆ ಬರುತ್ತಾರೆ. ಆಫೀಸಿನಲ್ಲಿ ಇಂಥ ಕೋಡು ಯಾರಾದರೂ ಬರೆದು ತಂದರೆ ರಿವ್ಯೂನಲ್ಲೇ ವಾಪಸು ಕಳಿಸುತ್ತೇನೆ. ಒಂದು ಕಾಲಂ, ಒಂದು ಘಟಕ, ನಾಲ್ಕು ಅರ್ಥ.

ಇದರ ಪರಿಣಾಮ ಏನೆಂದು ನಮ್ಮ ಕಟ್ಟಡದಲ್ಲೇ ಕಂಡೆ. (ಹೌದು, ಕೊನೆಗೆ ಆ ಪುಣೆಯ ಫ್ಲಾಟನ್ನೇ ತಗೊಂಡೆವು. ಅದರ ಕಥೆ ಆಮೇಲೆ.) ನಮ್ಮ ಮೇಲಿನ ಮಹಡಿಯ ಗೆಳೆಯರೊಬ್ಬರಿಗೆ ಹೈದರಾಬಾದಿಗೆ ವರ್ಗವಾಗಿ, ಮನೆ ಮಾರಲು ಹಾಕಿದರು. ನಕ್ಷೆ ನಮ್ಮದೇ. ತಾಣದಲ್ಲಿ 1,050 ಚದರಡಿ ಎಂದು ಬರೆದಿದ್ದರು. ಇದೇನು ಎಂದು ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರ ಈಗಲೂ ನನ್ನನ್ನು ಕಾಡುತ್ತದೆ: ‘701 ಹಾಕಿದ್ದೆ ರೀ. ಎರಡು ತಿಂಗಳು ಒಂದೂ ಫೋನು ಬರಲಿಲ್ಲ. ಹುಡುಕುವವರು 900ರ ಮೇಲೆ ಅಂತ ಫಿಲ್ಟರ್ ಹಾಕಿರ್ತಾರೆ, ನಾನು ಕಾಣೋದೇ ಇಲ್ಲ.’ ನಿಜ ಬರೆದವನು ಪಟ್ಟಿಯಿಂದಲೇ ಮಾಯ. ಅವರು ಸುಳ್ಳುಗಾರರಲ್ಲ. ಎಲ್ಲರೂ ಎತ್ತರದ ಹಿಮ್ಮಡಿ ಹಾಕಿ ನಿಂತಿರುವ ಸಾಲಿನಲ್ಲಿ ಬರಿಗಾಲಲ್ಲಿ ನಿಂತವರು.

ಇಲ್ಲೇ ಕಾಯ್ದೆಯೂ ಕೈಚೆಲ್ಲುತ್ತದೆ. ಹೊಸ ಯೋಜನೆಗಳ ಮೇಲೆ ರೇರಾದ ಹಿಡಿತವಿದೆ. ಜಾಹೀರಾತಿನ ಸುಳ್ಳು ನಂಬಿ ನಷ್ಟವಾದರೆ ಪರಿಹಾರ ಕೇಳಲೂ ಅವಕಾಶವಿದೆ. ಆದರೆ ಹಳೆಯ ಮನೆಯನ್ನು ಮಾಲೀಕ ಇನ್ನೊಬ್ಬನಿಗೆ ಮಾರುವಾಗ, ಬಾಡಿಗೆಗೆ ಕೊಡುವಾಗ ಆ ಹಿಡಿತ ಇಲ್ಲ. 500 ಚದರ ಮೀಟರ್ ಮೀರದ ಜಾಗದ, ಅಥವಾ ಎಂಟು ಫ್ಲಾಟು ಮೀರದ ಸಣ್ಣ ಕಟ್ಟಡಗಳಿಗೆ ನೋಂದಣಿಯೇ ಬೇಕಿಲ್ಲ. ನಮ್ಮಲ್ಲಿ ಬಹಳ ಜನ ಮೊದಲ ಮನೆ ಕೊಳ್ಳುವುದು ಇಂಥ ಕಡೆಯೇ. ಬೆಂಗಳೂರಿನ ಹಳೆಯ ಕ್ರಯಪತ್ರಗಳಲ್ಲಿ ಸೂಪರ್ ಬಿಲ್ಟ್‌ಅಪ್ ಬಿಟ್ಟು ಬೇರೆ ಅಳತೆಯೇ ಇಲ್ಲದ್ದನ್ನು ನಾನೇ ನೋಡಿದ್ದೇನೆ.

ನನ್ನ ಬೇಡಿಕೆ ದೊಡ್ಡದೇನಲ್ಲ. ಹೊಸದಿರಲಿ, ಹಳೆಯದಿರಲಿ, ಬಾಡಿಗೆಯದಿರಲಿ, ಮನೆಯ ಜಾಹೀರಾತಿನಲ್ಲಿ ಮೊದಲ ಸಂಖ್ಯೆ ರೇರಾ ವ್ಯಾಖ್ಯಾನದ ಕಾರ್ಪೆಟ್ ಆಗಿರಬೇಕು. ಬಾಲ್ಕನಿ ಪಕ್ಕದಲ್ಲಿ ಬೇರೆಯಾಗಿ. ದರದ ಲೆಕ್ಕ, ಫಿಲ್ಟರು, ಜೋಡಣೆ ಎಲ್ಲ ಆ ಮೊದಲ ಸಂಖ್ಯೆಯ ಮೇಲೆ. ಉಳಿದದ್ದನ್ನು ಬೇಕಾದರೆ ಕೆಳಗೆ ಸಣ್ಣಕ್ಷರದಲ್ಲಿ ಬರೆದುಕೊಳ್ಳಲಿ. ಇದನ್ನು ಒಂದು ರಾಜ್ಯದ ಪ್ರಾಧಿಕಾರ ಮಾಡಿದರೆ ಸಾಲದು, ಯಾಕೆಂದರೆ ನಾವು ಒಂದು ರಾಜ್ಯದಲ್ಲಿ ದುಡಿದು ಇನ್ನೊಂದರಲ್ಲಿ ಮನೆ ಕೊಳ್ಳುವವರು. ಮುಂಬೈಯಲ್ಲಿ ಕೂತವನು ಕಾರ್ಪೆಟ್ ಲೆಕ್ಕದ ಕಣ್ಣಿನಿಂದ ಬೆಂಗಳೂರಿನ 1,250 ನೋಡಿ ಅರಮನೆ ಎಂದುಕೊಳ್ಳುತ್ತಾನೆ. ಬೆಂಗಳೂರಿನಿಂದ ಮುಂಬೈಗೆ ಹೋದವನು 600 ಕೇಳಿ ಗೂಡು ಎಂದು ಓಡುತ್ತಾನೆ. ವಿಡಿಯೊ ಕಾಲ್‌ನಲ್ಲಿ ಮನೆ ನೋಡಿ ಟೋಕನ್ ಹಾಕುವವರೂ ಹೆಚ್ಚಾಗಿ ನಾವೇ. ಮಾದರಿ ಫ್ಲಾಟಿನ ಮಂಚ ನಿಜವಾದ ಆರಡಿಯದೋ ಐದೂವರೆಯದೋ ಎಂದು ಕ್ಯಾಮೆರಾ ಹೇಳುವುದಿಲ್ಲ.

ಹೈದರಾಬಾದಿನ ಓದುಗರಿಗೆ ಇದು ಇನ್ನೂ ಗೋಜಲು, ಜಾಗ ಚದರ ಗಜದಲ್ಲಿ, ಫ್ಲಾಟು ಕಾಮನ್ ಏರಿಯಾ ಸೇರಿಸಿದ ಚದರಡಿಯಲ್ಲಿ. ಚೆನ್ನೈನವರದು ಬೇರೆ ಹಟ. ಅಲ್ಲಿನ ನನ್ನ ಸಹೋದ್ಯೋಗಿ ಯಾವ ಫ್ಲಾಟು ತೋರಿಸಿದರೂ ಮೊದಲು ಕೇಳುವುದು ಯುಡಿಎಸ್ ಎಷ್ಟು ಎಂದು, ಅಂದರೆ ಕೆಳಗಿನ ನೆಲದಲ್ಲಿ ನಮ್ಮ ಅವಿಭಜಿತ ಪಾಲು. ಮೊದಲು ನಗುತ್ತಿದ್ದೆ. ಈಗ ನಗುವುದಿಲ್ಲ. ಕಟ್ಟಡ ಹಳತಾಗಿ ಬಿದ್ದ ದಿನ ಕೈಯಲ್ಲಿ ಉಳಿಯುವುದು ಆ ಪಾಲೇ. ಅದನ್ನು ಕ್ರಯಪತ್ರದ ಶೆಡ್ಯೂಲಿನಲ್ಲಿ ನೋಡಿಕೊಳ್ಳಿ.

ನಾನು ಈಗ ಯಾರು ಕೇಳಿದರೂ ಹೇಳುವುದು ಇಷ್ಟು: ಪಾರ್ಕಿಂಗು, ಕ್ಲಬ್‌ಹೌಸು, ಜಿಎಸ್‌ಟಿ ಎಲ್ಲ ಸೇರಿದ ಒಟ್ಟು ಬೆಲೆ ಕೇಳಿ, ರೇರಾ ತಾಣದಲ್ಲಿರುವ ಕಾರ್ಪೆಟ್‌ನಿಂದ ಭಾಗಿಸಿ. ಬಾಲ್ಕನಿಗೆ ನಾನು ಅರ್ಧ ಬೆಲೆ ಕಟ್ಟುತ್ತೇನೆ. ಮನೆಯಲ್ಲಿ ಗಿಡ ಬೆಳೆಸುವವರಿದ್ದರೆ ಮುಕ್ಕಾಲು ಕಟ್ಟಿ, ಜಗಳ ಬೇಡ. ಒಪ್ಪಂದಕ್ಕೆ ಸಹಿ, ನೋಂದಣಿ ಆಗುವ ಮೊದಲು ಬೆಲೆಯ ಶೇ 10ಕ್ಕಿಂತ ಹೆಚ್ಚು ಹಣ ಕೇಳುವಂತಿಲ್ಲ ಎಂದು ರೇರಾ ಹೇಳುತ್ತದೆ, ಅದನ್ನು ನೆನಪಿಸಿ. ಕರಡು ಕೈಗೆ ಬಂದ ದಿನ ಚದರ ಮೀಟರನ್ನು 10.764ರಿಂದ ಗುಣಿಸಿ. ನಾನು ಟೋಕನ್ ಕೊಡುವ ಮೊದಲು ಮಹಾರೇರಾ ಪುಟ ತೆರೆದಿದ್ದರೆ ಆ ಗುಣಾಕಾರ ಅಲ್ಲೇ ಮುಗಿಯುತ್ತಿತ್ತು. ಬೆಂಗಳೂರಿನದನ್ನು ಅಷ್ಟು ಶೋಧಿಸಿದವನು ಇಲ್ಲಿಯದನ್ನು ಯಾಕೆ ನೋಡಲಿಲ್ಲ ಎಂದು ಹೆಂಡತಿ ಕೇಳಿದಳು. ಪುಣೆಯವರು ನೇರ ಜನ ಎಂದು ನಂಬಿದ್ದೆ ಎಂದೆ.

ಜಗಳವಾಡಿದೆವು. ಟೋಕನ್ ವಾಪಸು ಕೇಳಿದೆ, ಅವರು ದಿನ ದೂಡಿದರು. ಕೊನೆಗೆ ಕ್ಲಬ್‌ಹೌಸಿನ ಶುಲ್ಕ ಬಿಟ್ಟುಕೊಟ್ಟರು. ಹೆಂಡತಿಗೆ ಅಡುಗೆಮನೆಯ ಬೆಳಕು ಹಿಡಿಸಿತ್ತು. ಬೆಂಗಳೂರಿಗೆ ಎಂದಾದರೂ ಮರಳುತ್ತೇವೆ ಎಂಬ ಮಾತನ್ನು ಮಗಳ ಶಾಲೆ ಮುಗಿಯುವವರೆಗೆ ಮುಂದೆ ಹಾಕಿದೆವು.

ಆ ಹೊತ್ತಿಗೆ ಧಾರವಾಡದ ಸೈಟು ಮಾರಾಟವಾಯಿತು. ಕೊಳ್ಳಲು ಬಂದವರು ಬಿಸಿಲಿನಲ್ಲಿ ಟೇಪು ಹಿಡಿದು ನಾಲ್ಕೂ ಕಡೆ ಅಳೆದರಂತೆ. ಹಿಂದಿನ ಕಲ್ಲು ನಾಲ್ಕಿಂಚು ಒಳಗೆ ಸರಿದಿತ್ತು. ಮೂವತ್ತಡಿ ಅಗಲಕ್ಕೆ ಹತ್ತು ಚದರಡಿ ಕಡಿಮೆ. ಅವರು ಕೇಳುವ ಮೊದಲೇ ಅಪ್ಪ ಹತ್ತು ಅಡಿಯ ದುಡ್ಡು ಬಿಟ್ಟರು. ಅದನ್ನು ನನಗೆ ಅವರು ಹೇಳಲಿಲ್ಲ, ಅವ್ವ ಹೇಳಿದಳು.

ಮನೆಯ ಕೀಲಿ ಕೈಗೆ ಬಂದ ವಾರ ಅಪ್ಪ ಪುಣೆಗೆ ಬಂದರು, ಚೀಲದಲ್ಲಿ ಅದೇ ಟೇಪು. ಒಪ್ಪಂದದಲ್ಲಿ ಅಳತೆ ಶೇ 3ರವರೆಗೆ ಹೆಚ್ಚುಕಡಿಮೆ ಆಗಬಹುದು, ಕಡಿಮೆಯಾದರೆ ಹಣ ಬಡ್ಡಿಸಹಿತ ವಾಪಸು ಎಂಬ ಕಲಮು ಇದೆ ಎಂದು ಹೇಳಿದ್ದೆ. ಅದನ್ನು ನೋಡಿಯೇ ಬಿಡೋಣ ಎಂದರು. ಮಗಳು ಟೇಪಿನ ಒಂದು ತುದಿ, ಅವರು ಇನ್ನೊಂದು. ಖೋಲಿ ಖೋಲಿ ಅಳೆದು, ಕ್ಯಾಲೆಂಡರಿನ ಹಿಂದೆ ಬರೆದು ಕೂಡಿಸಿದರೆ 664 ಬಂತು. ಮೂವತ್ತೇಳು ಕಡಿಮೆ. ಅಪ್ಪನ ಮುಖ ಬಿಗಿಯಿತು. ಒಳಗೋಡೆ ನಿಂತ ಜಾಗವನ್ನೂ ಕಾಯ್ದೆ ಕಾರ್ಪೆಟ್‌ಗೇ ಸೇರಿಸುತ್ತದೆ ಎಂದು ವಿವರಿಸಿದೆ. ಅವರು ಮತ್ತೆ ಎದ್ದು ಬಾಗಿಲ ಚೌಕಟ್ಟುಗಳ ಹತ್ತಿರ ಗೋಡೆಯ ದಪ್ಪ ಅಳೆದರು, ಉದ್ದ ಅಳೆದರು, ಗುಣಿಸಿದರು. ಮೂವತ್ತಾರರ ಮೇಲೆ ಚೂರು ಬಂತು.

‘ಅದು ಇರ್ಲಿ ಬಿಡು’ ಎಂದರು, ಟೇಪು ಸುತ್ತುತ್ತ. ‘ಗ್ವಾಡಿ ನಮ್ದ. ಮಳಿ ಹೊಡೀತೇವಿ, ಫೋಟೋ ಹಾಕ್ತೇವಿ.’